ವಿಶ್ವವಿದ್ಯಾನಿಲಯಗಳ ಲಾಂಛನವೂ ಅದರ ಪ್ರದರ್ಶನಕ್ರಮವೂ

ವಿನ್ಯಾಸಕಲೆಯನ್ನು ಅಭ್ಯಸಿಸುವ ವಿದ್ಯಾರ್ಥಿಗಳು ಕೈಗೊಳ್ಳುವ ಕೆಲಸಗಳಲ್ಲಿ ವಿಶ್ವವಿದ್ಯಾನಿಲಯಗಳ ಲಾಂಛನ, ಅಕ್ಷರರೂಪ, ಬಣ್ಣ ಮೊದಲಾದುವನ್ನು ಪರಿಶೀಲಿಸಿ, ಅವುಗಳ ಪ್ರದರ್ಶನವೊಂದನ್ನು ಏರ್ಪಡಿಸುವುದೂ ಒಂದಾಗಿರುವುದು. ವ್ಯಾಪಾರಸ್ಥರ ಮಾತಿನಲ್ಲಿ ಈ ವಿಷಯಕ್ಕೆ 'ಬ್ರ್ಯಾಂಡಿಂಗ್' ಎಂದು ಹೆಸರು. ಮೇಲುನೋಟಕ್ಕೆ ಕೆಲಸವು ಸುಲಭವಾಗಿಯೇ ತೋರುವುದು. ಹಳೆಯ ಚಿತ್ರವೊಂದನ್ನೂ ಹೊಸ ಚಿತ್ರವೊಂದನ್ನೂ ಗೋಡೆಯ ಮೇಲೆ ಪಕ್ಕಪಕ್ಕದಲ್ಲಿ ತೂಗಹಾಕಿ, ಕೆಳಗೆ ಇಸವಿಯನ್ನು ಬರೆದರೆ ಪ್ರದರ್ಶನವು ಸಿದ್ಧವಾಯಿತೆಂದು ಅನೇಕರು ಭಾವಿಸುವರು. ಆದರೆ ಎರಡು ವಸ್ತುಗಳನ್ನು ಪಕ್ಕಪಕ್ಕದಲ್ಲಿಡುವುದೆಂದರೆ ಒಂದು ವಾದವನ್ನು ಹೂಡಿದಂತೆಯೇ ಸರಿ. ಎಡಗಡೆಯದು ಹೋಗಿ ಅದರ ಸ್ಥಾನಕ್ಕೆ ಬಲಗಡೆಯದು ಬಂದಿತೆಂದು ನೋಡುವವನು ತಾನಾಗಿಯೇ ತಿಳಿಯುವನು. ಆ ತಿಳಿವಳಿಕೆಯು ನಿಜವೋ ಅಲ್ಲವೋ ಎಂಬುದನ್ನು ಪ್ರದರ್ಶನವನ್ನು ಏರ್ಪಡಿಸುವವನು ಮೊದಲೇ ವಿಚಾರಿಸಿರಬೇಕು.

ಇದಕ್ಕೆ ಮುಂಚೆ ಮುದ್ರೆಗೂ ಲಾಂಛನಕ್ಕೂ ಇರುವ ಭೇದವನ್ನು ಗಮನಿಸುವುದು ಅವಶ್ಯಕ. ಈಚೆಗೆ ಎಲ್ಲವನ್ನೂ 'ಲೋಗೋ' ಎಂದು ಕರೆದುಬಿಡುವ ಅಭ್ಯಾಸವು ಬಲವಾಗಿದ್ದು, ಇದರಿಂದ ಆಗಿರುವ ಗೊಂದಲವು ಸ್ವಲ್ಪವಲ್ಲ. ಬಾದಾಮಿಯ ಚಾಳುಕ್ಯರ ತಾಮ್ರಶಾಸನಗಳ ಹಲಗೆಗಳನ್ನು ಕೋದಿರುವ ಬಳೆಗೆ ವರಾಹದ ಮುದ್ರೆಯಿರುವುದು. ಅದೇ ವರಾಹವು ಆ ಶಾಸನಗಳ ಪ್ರಶಸ್ತಿಭಾಗದಲ್ಲಿ ವಂಶದ ಲಾಂಛನವೆಂದು ವರ್ಣಿತವಾಗಿರುವುದು. ಪ್ರಾಣಿಯು ಒಂದೇ ಆದರೂ ಅದು ಮಾಡುವ ಕೆಲಸವು ಬೇರೆ. ಬಳೆಯ ಮೇಲಿನದು ದಾನವು ನಿಜವಾದುದೆಂದು ಪ್ರಮಾಣೀಕರಿಸುವುದು. ಪ್ರಶಸ್ತಿಯಲ್ಲಿರುವುದು ಕುಲದ ಹಿರಿಮೆಯನ್ನು ಸಾರುವುದು. ವಿಶ್ವವಿದ್ಯಾನಿಲಯಗಳಲ್ಲಿಯೂ ಹೀಗೆಯೇ. ಪದವಿಪತ್ರದ ಮೇಲಿನ ಮುದ್ರೆಯು ಸಾಕ್ಷಿಯ ಸ್ಥಾನದಲ್ಲಿರುವುದು. ಪುಸ್ತಕದ ಮುಖಪತ್ರ, ಸಭಾಂಗಣದ ದ್ವಾರ, ಘಟಿಕೋತ್ಸವದ ಧ್ವಜ ಇವುಗಳಲ್ಲಿ ಕಾಣುವ ಲಾಂಛನವು ಸಂಸ್ಥೆಯ ವಂಶಾವಳಿಯನ್ನು ಹೇಳುವುದು. ಇವೆರಡೂ ಅಲ್ಲದೆ, ಕೈಯಲ್ಲಿ ಹಿಡಿಯುವ ದೂರವಾಣಿಯ ಪರದೆಯ ಮೇಲೆ ಉಗುರಿನಷ್ಟು ಸ್ಥಳದಲ್ಲಿ ಸಂಸ್ಥೆಯನ್ನು ಗುರುತಿಸುವುದಕ್ಕಾಗಿ ಮೂರನೆಯದೊಂದು ಸರಳವಾದ ಚಿಹ್ನೆಯೂ ಈ ಕಾಲದಲ್ಲಿ ಬೇಕಾಗಿದೆ.

ಅಮೆರಿಕದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದಲ್ಲಿ 2012ರಲ್ಲಿ ನಡೆದ ಪ್ರಸಂಗವು ಈ ಭೇದವನ್ನು ಮರೆತುದರ ಫಲವನ್ನು ತೋರಿಸುವುದು. 1868ರಲ್ಲಿ ಸ್ಥಾಪಿತವಾದ ಈ ವಿದ್ಯಾಸಂಸ್ಥೆಗೆ ಹತ್ತು ಶಾಖೆಗಳಿರುವುವು. ತೆರೆದ ಪುಸ್ತಕ, ಅದರ ಮೇಲೊಂದು ನಕ್ಷತ್ರ, ಬೆಳಕಿನ ಉದಯವನ್ನು ಕೋರುವ ಧ್ಯೇಯವಾಕ್ಯ, ಇವು ಅದರ ಹಳೆಯ ಮುದ್ರೆಯ ಅಂಗಗಳು. ಈ ಶಾಖೆಗಳೆಲ್ಲಕ್ಕೂ ಮೇಲಿರುವ ಕೇಂದ್ರ ಕಾರ್ಯಾಲಯದ ಪ್ರಚಾರಪತ್ರಗಳಿಗಾಗಿ, ಮುದ್ರೆಯಲ್ಲಿದ್ದ ಪುಸ್ತಕದ ಹೊರರೇಖೆಯನ್ನು ಹೋಲುವ 'ಯು' ಅಕ್ಷರದೊಳಗೆ 'ಸಿ' ಅಕ್ಷರವು ಕ್ರಮಕ್ರಮವಾಗಿ ಮಾಸಿಹೋಗುವಂತೆ ಒಂದು ಹೊಸ ಚಿಹ್ನೆಯನ್ನು ರಚಿಸಲಾಯಿತು. ಪದವಿಪತ್ರಗಳ ಮೇಲೆ ಹಳೆಯ ಮುದ್ರೆಯೇ ಉಳಿಯತಕ್ಕದ್ದೆಂದು ಅಧಿಕಾರಿಗಳು ಸ್ಪಷ್ಟವಾಗಿ ಹೇಳಿದ್ದರು. ಆದರೂ ಹಳೆಯ ಮುದ್ರೆ, ಹೊಸ ಚಿಹ್ನೆ ಇವೆರಡನ್ನೂ ಜೊತೆಯಾಗಿಟ್ಟ ಚಿತ್ರಗಳು ಎಲ್ಲೆಡೆಗೂ ಹರಡಿದುವು. ನೂರಾರು ವರ್ಷಗಳ ಗೌರವವನ್ನು ಅಳಿಸಿ ಆಟಿಕೆಯೊಂದನ್ನು ಅದರ ಸ್ಥಾನದಲ್ಲಿ ಕೂರಿಸಿದರೆಂದು ವಿದ್ಯಾರ್ಥಿಗಳೂ ಹಳೆಯ ವಿದ್ಯಾರ್ಥಿಗಳೂ ಕೆರಳಿದರು. ಯಂತ್ರದ ಪರದೆಯ ಮೇಲೆ ಕಾಯಲು ಹೇಳುವ ಸುತ್ತುವ ಗುರುತಿನಂತಿದೆಯೆಂದು ಕೆಲವರು ಹಾಸ್ಯಮಾಡಿದರು. ವಿರೋಧದ ಮನವಿಗೆ 50,000ಕ್ಕೂ ಹೆಚ್ಚು ಮಂದಿ ರುಜುಮಾಡಿದರು. ಡಿಸೆಂಬರ್ ತಿಂಗಳಲ್ಲಿಯೇ ಚಿಹ್ನೆಯನ್ನು ಹಿಂತೆಗೆದುಕೊಳ್ಳಬೇಕಾಯಿತು.

ಚಿಹ್ನೆಯು ಸುಂದರವಾಗಿದ್ದಿತೇ ಎಂಬುದು ಇಲ್ಲಿ ಮುಖ್ಯವಾದ ಪ್ರಶ್ನೆಯಲ್ಲ. ಅದರಲ್ಲಿ ದೋಷಗಳಿದ್ದುವು, ಮಾಸಿಹೋಗುವ ಅಕ್ಷರವನ್ನು ಓದುವುದು ಕಷ್ಟ. ಆದರೆ ಅಂಕಿತಹಾಕುವ ಮುದ್ರೆಯನ್ನೂ ಕರಪತ್ರದ ಚಿಹ್ನೆಯನ್ನೂ ಸರಿಸಮವಾಗಿಟ್ಟು ಹೋಲಿಸಿದುದು ಕುದುರೆಯನ್ನೂ ಕುದುರೆಯ ಲಾಳವನ್ನೂ ತೂಗಿನೋಡಿದಂತಾಯಿತು. ಈ ಪ್ರಸಂಗವನ್ನೇ ಪ್ರದರ್ಶನದ ವಸ್ತುವಾಗಿ ಆರಿಸಿಕೊಳ್ಳುವ ವಿದ್ಯಾರ್ಥಿಯು ಪುನಃ ಅವೆರಡನ್ನೂ ಜೊತೆಯಾಗಿ ತೂಗಹಾಕಿದನಾದರೆ, ತಪ್ಪನ್ನು ವಿವರಿಸುವುದರ ಬದಲು ತಾನೂ ಅದನ್ನೇ ಮಾಡಿದವನಾಗುವನು. ಪದವಿಪತ್ರವೊಂದು, ಕರಪತ್ರವೊಂದು, ಮನವಿಯ ಒಂದು ಹಾಳೆ, ಹೀಗೆ ಬಳಕೆಯ ವಸ್ತುಗಳನ್ನಿರಿಸಿದರೆ ನೋಡುವವರು ತಾವೇ ಭೇದವನ್ನು ಕಾಣುವರು.

ಪ್ರದರ್ಶನವು ಲಾಂಛನವನ್ನು ಕೇವಲ ತೋರಿಸುವುದು ಮಾತ್ರವಲ್ಲ, ಒಮ್ಮೊಮ್ಮೆ ಅದನ್ನು ಹುಟ್ಟಿಸುವುದೂ ಉಂಟು. ಹಾರ್ವರ್ಡ್ ವಿದ್ಯಾಲಯದ ಮೇಲ್ವಿಚಾರಕರು ಗುರಾಣಿಯೊಂದರ ಮೇಲೆ ಮೂರು ಪುಸ್ತಕಗಳನ್ನೂ ಸತ್ಯವೆಂಬ ಅರ್ಥದ ಲ್ಯಾಟಿನ್ ಮಾತನ್ನೂ ಬರೆದು ಒಂದು ನಮೂನೆಯನ್ನು ಸಿದ್ಧಪಡಿಸಿದುದು 1643ರಲ್ಲಿ. ಅದು ಬಳಕೆಗೆ ಬಾರದೆ ಕಾಗದಪತ್ರಗಳ ನಡುವೆ ಹುದುಗಿಹೋಯಿತು. ಸುಮಾರು ಇನ್ನೂರು ವರ್ಷಗಳ ತರುವಾಯ, ಸಂಸ್ಥೆಯ ದ್ವಿಶತಮಾನೋತ್ಸವದ ಕಾಲದಲ್ಲಿ, ಅಧ್ಯಕ್ಷನಾಗಿದ್ದ ಜೋಸಾಯ ಕ್ವಿನ್ಸಿಯು ಇತಿಹಾಸವನ್ನು ಬರೆಯುವುದಕ್ಕಾಗಿ ದಾಖಲೆಗಳನ್ನು ಶೋಧಿಸುತ್ತಿದ್ದಾಗ ಅದು ಕಣ್ಣಿಗೆ ಬಿದ್ದಿತು. 1836ರ ಉತ್ಸವದಲ್ಲಿ ಅದನ್ನು ಧ್ವಜದ ಮೇಲೆ ಬರೆಯಿಸಿ ಜನರೆದುರಿಗೆ ಹಾರಿಸಲಾಯಿತು. 1843ರಲ್ಲಿ ಅದು ಮುದ್ರೆಯಾಗಿ ಅಂಗೀಕೃತವಾಯಿತು. 'ಹಾರ್ವರ್ಡಿನ ಲಾಂಛನ, 1643' ಎಂದಷ್ಟೇ ಬರೆದ ಚೀಟಿಯು ಅರ್ಧ ಮಾತ್ರ ನಿಜ. ಬರೆದ ವರ್ಷ, ದೊರೆತ ವರ್ಷ, ಒಪ್ಪಿದ ವರ್ಷ ಈ ಮೂರೂ ಚೀಟಿಯಲ್ಲಿರಬೇಕು.

ಅದೇ ವಿಶ್ವವಿದ್ಯಾನಿಲಯದ ನ್ಯಾಯಶಾಸ್ತ್ರದ ಶಾಲೆಯ ಗುರಾಣಿಯ ಕಥೆಯು ಇದಕ್ಕಿಂತ ಕಠಿನವಾದುದು. 1937ರಲ್ಲಿ ಅಂಗೀಕೃತವಾದ ಆ ಗುರಾಣಿಯಲ್ಲಿ ಗೋಧಿಯ ಮೂರು ಸಿವುಡುಗಳಿದ್ದುವು. ನೋಡುವವರಿಗೆ ಅದು ಸಮೃದ್ಧಿಯ ಸಂಕೇತವೆಂದೇ ತೋರುವುದು. ಆದರೆ ಆ ಸಿವುಡುಗಳು ಐಸಾಕ್ ರಾಯಲ್ ಎಂಬವನ ಕುಟುಂಬದ ಲಾಂಛನದಿಂದ ಬಂದವು. ನ್ಯಾಯಶಾಸ್ತ್ರದ ಮೊದಲ ಪ್ರಾಧ್ಯಾಪಕಪೀಠವು ಅವನ ದತ್ತಿಯಿಂದ ಸ್ಥಾಪಿತವಾಗಿದ್ದಿತು. ಆ ಕುಟುಂಬದ ಐಶ್ವರ್ಯವಾದರೋ ಆಂಟೀಗ ದ್ವೀಪದ ಕಬ್ಬಿನ ತೋಟಗಳಲ್ಲಿ ಗುಲಾಮರ ದುಡಿಮೆಯಿಂದ ಕೂಡಿದುದು. ಆ ಮನೆಯಲ್ಲಿ ಗುಲಾಮಳಾಗಿದ್ದ ಬೆಲಿಂಡಾ ಎಂಬವಳು, ತನ್ನ ಶ್ರಮದಿಂದ ಬೆಳೆದ ಆ ಆಸ್ತಿಯಿಂದ ಜೀವನಾಂಶವನ್ನು ಕೊಡಿಸಬೇಕೆಂದು 1783ರಲ್ಲಿ ಮ್ಯಾಸಚೂಸೆಟ್ಸ್ ಶಾಸನಸಭೆಗೆ ಬಿನ್ನವಿಸಿಕೊಂಡಿದ್ದಳು. ವಿದ್ಯಾರ್ಥಿಗಳ ಚಳವಳಿಯ ಫಲವಾಗಿ 2016ರ ಮಾರ್ಚಿಯಲ್ಲಿ ಗುರಾಣಿಯನ್ನು ಕೈಬಿಡಲಾಯಿತು; 2021ರಲ್ಲಿ ಹೊಸದೊಂದು ಬಂದಿತು.

ಈ ವಿಷಯವನ್ನು ವಿಚಾರಿಸಿದ ಸಮಿತಿಯಲ್ಲಿ ಏಕಾಭಿಪ್ರಾಯವಿರಲಿಲ್ಲ. ಅಮೆರಿಕದ ಗುಲಾಮಗಿರಿಯ ಇತಿಹಾಸವನ್ನು ಬರೆದು ಪ್ರಸಿದ್ಧರಾದ ಅನೆಟ್ ಗಾರ್ಡನ್-ರೀಡ್ ಅವರು, ಗುರಾಣಿಯನ್ನು ತೆಗೆದುಹಾಕಿದರೆ ದುಡಿದವರ ನೆನಪೂ ಅದರೊಡನೆ ಮರೆಯಾಗುವುದೆಂದೂ, ಅದನ್ನು ಉಳಿಸಿಕೊಂಡು ಅದರ ನಿಜವಾದ ಅರ್ಥವನ್ನು ಸಾರುವುದೇ ಲೇಸೆಂದೂ ಭಿನ್ನಮತವನ್ನು ಕೊಟ್ಟರು. ಅವರ ವಾದವು ಸುಲಭವಾಗಿ ತಳ್ಳಿಹಾಕತಕ್ಕುದಲ್ಲ. ಆದರೆ ಸಂಸ್ಥೆಯು ತನ್ನ ಗೌರವದ ಚಿಹ್ನೆಯಾಗಿ ಧರಿಸುವುದು ಬೇರೆ, ಇತಿಹಾಸದ ಸಾಕ್ಷಿಯಾಗಿ ಕಾಪಾಡುವುದು ಬೇರೆ. ಬಾಗಿಲ ಮೇಲಿದ್ದಾಗ ವಿವರಣೆಗೆ ಸ್ಥಳವಿಲ್ಲ, ಪ್ರದರ್ಶನಶಾಲೆಯಲ್ಲಿ ಸ್ಥಳವುಂಟು. ಅಲ್ಲಿ ಗುರಾಣಿಯ ಪಕ್ಕದಲ್ಲಿರಬೇಕಾದುದು ಹೊಸ ಗುರಾಣಿಯಲ್ಲ, ಬೆಲಿಂಡಾಳ ಬಿನ್ನಹ. 2017ರಲ್ಲಿ ಆ ಶಾಲೆಯು, ತನ್ನ ಸ್ಥಾಪನೆಗೆ ಕಾರಣವಾದ ಸಂಪತ್ತನ್ನು ದುಡಿದ ಗುಲಾಮರ ನೆನಪಿಗಾಗಿ ತನ್ನ ಆವರಣದಲ್ಲಿ ಶಿಲಾಫಲಕವೊಂದನ್ನು ನಿಲ್ಲಿಸಿತು.

ಕನ್ನಡನಾಡಿನ ವಿದ್ಯಾರ್ಥಿಗೆ ಇಂಥ ಪ್ರಯತ್ನಕ್ಕೆ ಹತ್ತಿರದ ವಸ್ತುವೆಂದರೆ ಮೈಸೂರು ವಿಶ್ವವಿದ್ಯಾನಿಲಯದ ಲಾಂಛನ. 1916ರ ಜುಲೈ 27ರಲ್ಲಿ ಸ್ಥಾಪಿತವಾದ ಈ ಸಂಸ್ಥೆಯು ಒಡೆಯರ ರಾಜಲಾಂಛನವನ್ನೇ ಆಧಾರವಾಗಿಟ್ಟುಕೊಂಡಿತು. ನಡುವೆ ಗಂಡಭೇರುಂಡ, ಎರಡು ಪಕ್ಕಗಳಲ್ಲಿ ಆನೆಯ ಮೊಗವೂ ಸಿಂಹದ ಮೈಯೂ ಉಳ್ಳ ಶರಭಗಳು. ಜ್ಞಾನಕ್ಕೆ ಸಮಾನವಾದುದಿಲ್ಲವೆಂಬ ಅರ್ಥದ ಧ್ಯೇಯವಾಕ್ಯವು ಭಗವದ್ಗೀತೆಯ ನಾಲ್ಕನೆಯ ಅಧ್ಯಾಯದ್ದು. ಅರಸೊತ್ತಿಗೆಯು ಹೋದ ಮೇಲೂ ಹಕ್ಕಿಯು ಹೋಗಲಿಲ್ಲ. ಕರ್ನಾಟಕ ಸರ್ಕಾರದ ಲಾಂಛನದಲ್ಲಿ ಅದೇ ಗಂಡಭೇರುಂಡವೂ ಶರಭಗಳೂ ಅಶೋಕಸ್ತಂಭದ ಸಿಂಹಶೀರ್ಷದ ಕೆಳಗೆ ನಿಂತಿರುವುವು.

ಈ ಹಕ್ಕಿಯ ಪೂರ್ವಚರಿತ್ರೆಯನ್ನು ತೋರಿಸುವಲ್ಲಿಯೂ ಸಾಲಾಗಿಡುವುದರ ಅಪಾಯವುಂಟು. ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆಯಲ್ಲಿ 1047ರಲ್ಲಿ ಚಾವುಂಡರಾಯನು ನಿಲ್ಲಿಸಿದ ಕಂಬದ ಮೇಲಿನ ಗಂಡಭೇರುಂಡಕ್ಕೆ ಮನುಷ್ಯನ ಮೈ, ಹಕ್ಕಿಯ ಎರಡು ತಲೆ. ವಿಜಯನಗರದ ಅಚ್ಯುತರಾಯನ ನಾಣ್ಯಗಳಲ್ಲಿರುವುದಾದರೋ ಕೊಕ್ಕುಗಳಲ್ಲಿಯೂ ಉಗುರುಗಳಲ್ಲಿಯೂ ಆನೆಗಳನ್ನು ಹಿಡಿದ ಪೂರ್ಣ ಪಕ್ಷಿ. ಇವನ್ನೂ ಮೈಸೂರಿನ ಲಾಂಛನವನ್ನೂ ಒಂದೇ ಗೋಡೆಯ ಮೇಲೆ ಬಾಣದ ಗುರುತುಗಳಿಂದ ಜೋಡಿಸಿದರೆ, ಕಂಬದಿಂದ ನಾಣ್ಯವೂ ನಾಣ್ಯದಿಂದ ಲಾಂಛನವೂ ನೇರವಾಗಿ ಹುಟ್ಟಿದುವೆಂದು ಹೇಳಿದಂತಾಗುವುದು. ಅಷ್ಟನ್ನು ಹೇಳುವುದಕ್ಕೆ ಬಾಣವೊಂದೇ ಆಧಾರವಾಗಲಾರದು. ಬೇರೆ ಬೇರೆ ಮೇಜುಗಳ ಮೇಲೆ, ಕಂಬವು ದೇವಾಲಯದೆದುರಿಗೂ ನಾಣ್ಯವು ವ್ಯವಹಾರದಲ್ಲಿಯೂ ಲಾಂಛನವು ಪದವಿಪತ್ರದಲ್ಲಿಯೂ ಇದ್ದುವೆಂದು ತಿಳಿಯುವಂತೆ ಇರಿಸುವುದು ಯುಕ್ತ.

ಅಳತೆಯ ವಿಷಯದಲ್ಲಿಯೂ ಎಚ್ಚರವಿರಬೇಕು. ಸುಮಾರು 30 ಅಡಿಯ ಕಂಬವೂ ಬೆರಳ ತುದಿಯಲ್ಲಿ ನಿಲ್ಲುವ ನಾಣ್ಯವೂ ಚಿತ್ರಪಟಗಳಲ್ಲಿ ಒಂದೇ ಗಾತ್ರವಾಗಿಬಿಡುವುವು. ನಾಣ್ಯವನ್ನು ಅದರ ನಿಜವಾದ ಅಳತೆಯಲ್ಲಿಯೇ ಅಚ್ಚುಮಾಡಿ ಪಕ್ಕದಲ್ಲಿ ಭೂತಗನ್ನಡಿಯನ್ನಿಡಬಹುದು. ಕಂಬದ ಪಟದಲ್ಲಿ ಅದರ ಬುಡದಲ್ಲಿ ನಿಂತ ಮನುಷ್ಯನೊಬ್ಬನು ಕಾಣುವಂತಿದ್ದರೆ ಸಾಕು.