ಶಾತವಾಹನರ ಬೆಳ್ಳಿ ನಾಣ್ಯಗಳು ಮತ್ತು ಗ್ರೀಕ್ ಪ್ರಭಾವ: ಮಸ್ಕಿ ಪರಿಸರದ ಹಿನ್ನೆಲೆಯಲ್ಲಿ

ಕೃಷ್ಣಾ-ತುಂಗಭದ್ರೆಯರ ನಡುವಣ ಎಡೆದೊರೆ ನಾಡಿನ ಮಸ್ಕಿ, ಲಿಂಗಸುಗೂರು, ಸಿಂಧನೂರು ಪರಿಸರವು ಪ್ರಾಚೀನ ಕರ್ನಾಟಕದ ಚರಿತ್ರೆಯಲ್ಲಿ ವಿಶಿಷ್ಟ ಸ್ಥಾನ ಪಡೆದಿದೆ. ಅಶೋಕನ ಹೆಸರನ್ನು ನೇರವಾಗಿ ಹೇಳುವ ಶಾಸನವು 1915ರಲ್ಲಿ ಬೆಳಕಿಗೆ ಬಂದುದು ಮಸ್ಕಿಯಲ್ಲಿ. ಲಿಂಗಸುಗೂರು ತಾಲ್ಲೂಕಿನ ಹಟ್ಟಿಯಲ್ಲಿ ಪ್ರಾಚೀನ ಚಿನ್ನದ ಗಣಿಗಳ ಕುರುಹುಗಳಿವೆ. ಚಿನ್ನ ಈ ನೆಲದ್ದು. ಬೆಳ್ಳಿಯಾದರೋ ಹೊರಗಿನಿಂದ ಬರಬೇಕಾದ ಲೋಹ. ಆದುದರಿಂದ ಬೆಳ್ಳಿ ನಾಣ್ಯದ ಚರಿತ್ರೆಯು ಪರನಾಡುಗಳ ಸಂಪರ್ಕದ ಚರಿತ್ರೆಯೂ ಆಗಿದೆ.

ಅರಸನ ಮುಖವನ್ನು ನಾಣ್ಯದ ಮೇಲೆ ಮೂಡಿಸುವ ಪದ್ಧತಿಯನ್ನು ಭಾರತದಲ್ಲಿ ರೂಢಿಗೆ ತಂದವರು ವಾಯವ್ಯ ಭಾಗದ ಇಂಡೋ-ಗ್ರೀಕ್ ಅರಸರು. ಅವರ ದ್ರಾಖ್ಮಾ ಎಂಬ ಬೆಳ್ಳಿ ನಾಣ್ಯದ ಮಾದರಿಯನ್ನು ಪಶ್ಚಿಮ ಕ್ಷತ್ರಪರು ಅನುಸರಿಸಿದರು. ನಹಪಾನನ ನಾಣ್ಯಗಳಲ್ಲಿ ಗ್ರೀಕ್, ಬ್ರಾಹ್ಮಿ, ಖರೋಷ್ಠಿ ಎಂಬ ಮೂರು ಲಿಪಿಗಳಿವೆ. ನಹಪಾನನನ್ನು ಸೋಲಿಸಿದ ಗೌತಮೀಪುತ್ರ ಶಾತಕರ್ಣಿಯು ಆ ನಾಣ್ಯಗಳ ಮೇಲೆಯೇ ತನ್ನ ಮುದ್ರೆಯನ್ನು ಒತ್ತಿಸಿದನು. 1906ರಲ್ಲಿ ನಾಸಿಕ ಜಿಲ್ಲೆಯ ಜೋಗಲ್‌ತೆಂಬಿಯಲ್ಲಿ ದೊರೆತ 13,000ಕ್ಕೂ ಮಿಕ್ಕ ನಾಣ್ಯಗಳ ನಿಧಿ ಇದಕ್ಕೆ ಸಾಕ್ಷಿ.

ಅನಂತರ ವಾಸಿಷ್ಠೀಪುತ್ರ ಪುಳುಮಾವಿ, ಯಜ್ಞ ಶಾತಕರ್ಣಿ ಮೊದಲಾದವರು ತಮ್ಮದೇ ಮುಖಚಿತ್ರವಿರುವ ಬೆಳ್ಳಿ ನಾಣ್ಯಗಳನ್ನು ಹೊರಡಿಸಿದರು. ಇವುಗಳ ಮುಮ್ಮುಖದಲ್ಲಿ ಅರಸನ ತಲೆ ಹಾಗೂ ಪ್ರಾಕೃತ ಬರಹ. ಹಿಮ್ಮುಖದಲ್ಲಿ ಉಜ್ಜಯಿನಿ ಚಿಹ್ನೆ, ಬೆಟ್ಟದ ಚಿಹ್ನೆಗಳೊಂದಿಗೆ ದ್ರಾವಿಡ ಭಾಷೆಯ ಬರಹ. ಆ ಭಾಷೆ ಯಾವುದೆಂಬ ಬಗ್ಗೆ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದ್ದರೂ, ಜನರಾಡುವ ನುಡಿಗೆ ರಾಜಮುದ್ರೆಯಲ್ಲಿ ಸ್ಥಾನ ದೊರೆತುದು ಮಹತ್ವದ ಸಂಗತಿ. ಯುರೋಪಿನ ಕೆಲ್ಟ್ ಜನರು ಮ್ಯಾಸಿಡೋನಿಯಾದ ಎರಡನೆಯ ಫಿಲಿಪ್ಪನ ಬೆಳ್ಳಿ ನಾಣ್ಯಗಳನ್ನು ಅನುಕರಿಸಿದಾಗ ಗ್ರೀಕ್ ಅಕ್ಷರಗಳು ಕ್ರಮೇಣ ಅರ್ಥ ಕಳೆದುಕೊಂಡು ಬರಿಯ ಗೆರೆಗಳಾದವು. ಶಾತವಾಹನರಾದರೋ ಆ ಸ್ಥಳದಲ್ಲಿ ಓದಬಲ್ಲ ಬರಹವನ್ನಿರಿಸಿದರು. ರೂಪ ಎರವಲು, ಮಾತು ಸ್ವಂತ.

ನಿತ್ಯದ ವ್ಯವಹಾರದಲ್ಲಿ ಸೀಸ, ತಾಮ್ರ, ಪೋಟಿನ್ ನಾಣ್ಯಗಳೇ ಹೆಚ್ಚು ಚಲಾವಣೆಯಲ್ಲಿದ್ದವು. ಆದರೂ ಗ್ರೀಕ್ ನಾಣ್ಯದ ಹೆಸರು ಜನರ ನಾಲಗೆಯಲ್ಲಿ ನಿಂತಿತು. ದ್ರಾಖ್ಮಾ ಎಂಬುದೇ ‘ದ್ರಮ್ಮ’ವಾಗಿ ನಮ್ಮ ಮಧ್ಯಕಾಲೀನ ಶಾಸನಗಳಲ್ಲಿ ಗದ್ಯಾಣ, ಪಣ, ಹಾಗಗಳ ಸಾಲಿನಲ್ಲಿ ಸೇರಿದೆ.

ಇಂತಹ ಸಂಬಂಧಗಳನ್ನು ತಿಳಿಯಲು ನಾಣ್ಯದಷ್ಟೇ ಅದು ದೊರೆತ ನೆಲೆಯೂ ಮುಖ್ಯ. ಮಸ್ಕಿಯಲ್ಲಿ 1954ರ ಉತ್ಖನನವು ಮಣ್ಣಿನ ಪದರಗಳ ಕ್ರಮವನ್ನು ನಿರ್ಧರಿಸಿಕೊಟ್ಟಿದೆ. ಆದರೆ ಹಾಳೂರು ದಿಬ್ಬಗಳ ಮಣ್ಣನ್ನು ಹೊಲಕ್ಕೆ ಸಾಗಿಸುವಾಗ, ಸಿಂಧನೂರಿನ ಕಡೆ ಗದ್ದೆಗಾಗಿ ನೆಲವನ್ನು ಸಮತಟ್ಟು ಮಾಡುವಾಗ ಸಿಕ್ಕ ನಾಣ್ಯವು ಅಕ್ಕಸಾಲಿಗನ ಮೂಸೆ ಸೇರಿದರೆ, ಉಳಿಯುವುದು ಲೋಹದ ಬೆಲೆ ಮಾತ್ರ. ಎರಡು ಸಾವಿರ ವರ್ಷಗಳ ಮಾತು ಕರಗಿಹೋಗುತ್ತದೆ.