ಅಗ್ರಹಾರದ ಮಹಾಜನರು: ಒಂದು ಭೂಸ್ವಾಮಿ ಸಂಘದ ವಿಚಾರ

ಧಾರವಾಡದ ಸುತ್ತಣ ನಾಡಿನ ಶಾಸನಗಳನ್ನು ಓದುವವರಿಗೆ ‘ಇನ್ನೂರ್ವರು ಮಹಾಜನರು’, ‘ಸಾಸಿರ್ವರು ಮಹಾಜನರು’ ಎಂಬ ಮಾತುಗಳು ಮರಳಿ ಮರಳಿ ಎದುರಾಗುತ್ತವೆ. ಇವಕ್ಕೆ ‘ಊರಿನ ಹಿರಿಯರು’ ಎಂದೋ ‘ವಿದ್ವಾಂಸರು’ ಎಂದೋ ಅರ್ಥ ಹೇಳಿ ಮುಂದೆ ಸಾಗುವುದುಂಟು. ಆ ಅರ್ಥ ತಪ್ಪಲ್ಲವಾದರೂ ಅಪೂರ್ಣವಾದುದು. ಅಗ್ರಹಾರದ ಮಹಾಜನರು ಒಂದೂರಿನ ಭೂಮಿಯಲ್ಲಿ ‘ವೃತ್ತಿ’ ಎಂಬ ಪಾಲನ್ನು ಪಡೆದವರು. ಆ ಪಾಲಿನ ಬಲದಿಂದಲೇ ಒಟ್ಟುಗೂಡಿ ಊರಿನ ವ್ಯವಹಾರವನ್ನು ನಡೆಯಿಸುತ್ತಿದ್ದ ಸಂಘದವರು. ಆದಕಾರಣ ಶಾಸನದಲ್ಲಿ ಬರುವ ಅಂಕಿಯನ್ನು ಊರಿನ ಜನಸಂಖ್ಯೆಯೆಂದು ಎಣಿಸಲಾಗದು. ಅದು ಹಕ್ಕುಳ್ಳವರ ಗಣನೆ. ಕಾಲಕ್ರಮದಲ್ಲಿ ಅದು ಸಂಘದ ಹೆಸರೇ ಆಗಿ ನಿಂತುದಕ್ಕೆ ದೇಶದೇಶಗಳಲ್ಲಿ ವ್ಯಾಪಾರ ಮಾಡಿದ ಅಯ್ಯಾವೊಳೆಯ ಐನೂರ್ವರೇ ಸಾಕ್ಷಿ.

ಇದಕ್ಕೆ ಸಮೀಪದ ನಿದರ್ಶನ ಕುಂದಗೋಳ ತಾಲೂಕಿನ ಕಳಸ. ಶಿಶುನಾಳ ಶರೀಫರ ಗುರು ಗೋವಿಂದಭಟ್ಟರ ಊರೆಂದು ಪ್ರಸಿದ್ಧವಾದ ಈ ಗ್ರಾಮದ ಹಳೆಯ ಹೆಸರು ಕಾಡಿಯೂರು. ರಾಷ್ಟ್ರಕೂಟ ನಾಲ್ವಡಿ ಗೋವಿಂದನ ಕಾಲದ, ಕ್ರಿ.ಶ. 930ರ ಇಲ್ಲಿಯ ಶಾಸನವು ಇನ್ನೂರ್ವರು ಮಹಾಜನರನ್ನು ಹೆಸರಿಸಿ, ವ್ಯಾಕರಣ, ನ್ಯಾಯ, ಪುರಾಣ, ರಾಜನೀತಿ, ಸಾಹಿತ್ಯ, ಟೀಕಾರಚನೆ ಮುಂತಾದವುಗಳಲ್ಲಿ ಅವರಿಗಿದ್ದ ಪ್ರೌಢಿಮೆಯನ್ನು ಕೊಂಡಾಡುತ್ತದೆ. ಈ ಹೊಗಳಿಕೆಯನ್ನು ಕೇವಲ ಕವಿಸಮಯವೆಂದು ತಳ್ಳಿಹಾಕಲಾಗದು. ವಿದ್ಯೆಯೇ ದಾನಕ್ಕೆ ಪಾತ್ರತೆ, ದಾನವೇ ಭೂಮಿಯ ಹಕ್ಕಿಗೆ ಮೂಲ. ಹೀಗಿರಲಾಗಿ ವಿದ್ಯೆಯ ಪ್ರಶಂಸೆಯು ಹಕ್ಕಿನ ಸಮರ್ಥನೆಯೂ ಆಗುತ್ತದೆ.

ಇಂಥ ಸಂಘವು ತನ್ನ ಸದಸ್ಯರ ಮೇಲೆ ಭಾರವನ್ನೂ ಹೊರಿಸುತ್ತಿದ್ದಿತು. ವಿಜಾಪುರ ಪ್ರಾಂತದ ಸಾಲೋಟಗಿಯಲ್ಲಿ ಮುಮ್ಮಡಿ ಕೃಷ್ಣನ ಮಂತ್ರಿ ನಾರಾಯಣನು ಕಟ್ಟಿಸಿದ ವಿದ್ಯಾಶಾಲೆಗೆ ಅಲ್ಲಿಯ ಗೃಹಸ್ಥರು ಮದುವೆಗೆ 5 ನಾಣ್ಯಗಳನ್ನೂ, ಉಪನಯನಕ್ಕೆ ಅದರರ್ಧವನ್ನೂ, ಚೌಲಕ್ಕೆ ಮತ್ತೆ ಅದರರ್ಧವನ್ನೂ ಕೊಡಲು ಒಪ್ಪಿದುದು ಕ್ರಿ.ಶ. 945ರ ಶಾಸನದಿಂದ ತಿಳಿಯುತ್ತದೆ. ದಾನಿಗಳು ಕೆರೆಗೂ ದೇಗುಲಕ್ಕೂ ಬಿಟ್ಟ ಭೂಮಿಯನ್ನು ಮಹಾಜನರ ವಶಕ್ಕೆ ಒಪ್ಪಿಸುತ್ತಿದ್ದುದರ ಕಾರಣವೂ ಇಲ್ಲಿಯೇ ಇದೆ. ಒಬ್ಬ ಮನುಷ್ಯ ಅಳಿಯುತ್ತಾನೆ, ಅವನ ವಂಶವೂ ಅಳಿಯಬಹುದು, ಸಂಘವು ಉಳಿಯುತ್ತದೆ.

ಪಟ್ಟಣಗಳ ರೀತಿ ತುಸು ಬೇರೆ. ಈಗಿನ ಗದಗ ಜಿಲ್ಲೆಯ ಲಕ್ಷ್ಮೇಶ್ವರ, ಅಂದರೆ ಪ್ರಾಚೀನ ಪುಲಿಗೆರೆಯಲ್ಲಿ ಬಾದಾಮಿಯ ಚಾಲುಕ್ಯ ಯುವರಾಜ ವಿಕ್ರಮಾದಿತ್ಯನು 8ನೆಯ ಶತಮಾನದ ಮೊದಲ ಭಾಗದಲ್ಲಿ ಮಹಾಜನ, ನಗರ ಮತ್ತು ಹದಿನೆಂಟು ಪ್ರಕೃತಿಗಳಿಗೆ ಆಚಾರವ್ಯವಸ್ಥೆಯನ್ನು ವಿಧಿಸಿಕೊಟ್ಟನು. ಅನುಭೋಗದಲ್ಲಿರುವ ಸ್ವತ್ತನ್ನು ರಾಜಪುರುಷರು ಕಾಯತಕ್ಕುದು. ಒಕ್ಕಲುಗಳು ಅಂತಸ್ತಿಗೆ ತಕ್ಕಂತೆ ತೆರಿಗೆಯನ್ನು ತೆರತಕ್ಕುದು. ದಂಡದ ಹಣವೂ ಪುತ್ರಹೀನರ ಸ್ವತ್ತೂ ಕಾರ್ತಿಕದಲ್ಲಿ ಅಲ್ಲಿಯ ಶ್ರೇಣಿಗೆ ಸಲ್ಲತಕ್ಕುದು. ಅರಸನು ಸ್ವತ್ತಿನವರ ಸಂಘಗಳೊಡನೆ ಮಾಡಿಕೊಂಡ ಇಂಥ ಕಟ್ಟಳೆ ಕನ್ನಡ ಭಾಷೆಯಲ್ಲಿಯೇ ದೊರೆತಿರುವುದು ವಿಶೇಷ.

ಸಾಹಿತ್ಯಚರಿತ್ರೆಗೂ ಇದು ಹೊರಗಿನ ವಿಷಯವಲ್ಲ. ಪಂಪನ ಪೂರ್ವಜರು ವೆಂಗಿನಾಡಿನ ಅಗ್ರಹಾರದವರು; ಅವನ ತಾಯಿ ಅಬ್ಬಣಬ್ಬೆಯು ಬೆಳ್ವೊಲದ ಅಣ್ಣಿಗೇರಿಯ ಜೋಯಿಸ ಸಿಂಘನ ಮೊಮ್ಮಗಳೆಂದು ಕುರಿಕ್ಯಾಲದ ಜಿನವಲ್ಲಭ ಶಾಸನ ಹೇಳುತ್ತದೆ. ಅರಿಕೇಸರಿಯು ಆ ಮಹಾಕವಿಗೆ ಕೊಟ್ಟುದು ಧರ್ಮವುರವೆಂಬ ಅಗ್ರಹಾರ. ಆ ಕಾಲದ ಕಾವ್ಯವು ನಿಂತ ನೆಲ ಯಾವುದೆಂಬುದಕ್ಕೆ ಬೇರೆ ಉತ್ತರ ಬೇಡ.

ಆದರೆ ಆ ನೆಲವನ್ನು ಉತ್ತವರು ಯಾರು? ಇನ್ನೂರ್ವರ ಎಣಿಕೆಯಲ್ಲಿ ಅವರು ಸೇರಿಲ್ಲ. ‘ಅರುವತ್ತೊಕ್ಕಲು’ ಎಂಬ ಒಕ್ಕಲಿಗರ ಕೂಟವು ಶಾಸನಗಳಲ್ಲಿ ಬೇರೆಯಾಗಿ ಕಾಣಿಸಿಕೊಳ್ಳುತ್ತದೆ. ‘ಒಕ್ಕಲು’ ಎಂಬ ಶಬ್ದದ ಗತಿಯೂ ಗಮನಾರ್ಹ. ಲಕ್ಷ್ಮೇಶ್ವರದ ಕಟ್ಟಳೆಯಲ್ಲಿ ಮನೆಯುಳ್ಳ ಕುಟುಂಬವನ್ನು ಸೂಚಿಸಿದ ಆ ಮಾತು, ಮುಂದೆ ಪರರ ಹೊಲವನ್ನು ಗೇಯುವ ಗೇಣಿದಾರನಿಗೂ ಸಂದಿತು. ಹಕ್ಕು ಒಂದು ಕಡೆಗೂ ದುಡಿಮೆ ಇನ್ನೊಂದು ಕಡೆಗೂ ಸರಿದುದನ್ನು ಈ ಅರ್ಥಾಂತರವು ತನ್ನಲ್ಲಿ ಹಿಡಿದಿಟ್ಟುಕೊಂಡಿದೆ.

ಇನಾಮು ಭೂಮಿಯ ಪದ್ಧತಿಯು ಇಪ್ಪತ್ತನೆಯ ಶತಮಾನದವರೆಗೂ ನಡೆದುಬಂದಿತು. ಮುಂಬಯಿ ಪ್ರಾಂತದ 1952ರ ಶಾಸನದಿಂದ ವೈಯಕ್ತಿಕ ಇನಾಮುಗಳು ರದ್ದಾದವು. 1974ರ ಮಾರ್ಚ್ 1ರಂದು ಕರ್ನಾಟಕದಲ್ಲಿ ಗೇಣಿಯ ಜಮೀನುಗಳು ಸರಕಾರದಲ್ಲಿ ನಿಹಿತವಾಗಿ, ಉಳುವವರಿಗೆ ಅಧಿಭೋಗದ ಹಕ್ಕು ದೊರೆಯುವ ದಾರಿ ತೆರೆಯಿತು. ‘ಉಳುವವನೇ ಒಡೆಯ’ ಎಂಬುದು ಆ ಕಾಲದ ಘೋಷಣೆ. ಮಹಾಜನರ ಮುಖ್ಯಸ್ಥನನ್ನು ಶಾಸನಗಳು ‘ಊರೊಡೆಯ’ನೆಂದು ಕರೆದುದನ್ನು ನೆನೆದರೆ, ‘ಒಡೆಯ’ ಎಂಬ ಒಂದು ಶಬ್ದವು ಸಾವಿರ ವರುಷಗಳಲ್ಲಿ ಯಾರಿಂದ ಯಾರಿಗೆ ಸಂದಿತೆಂಬುದು ಸ್ಪಷ್ಟವಾಗುತ್ತದೆ. ಶಾಸನಪಾಠವನ್ನು ಬೋಧಿಸುವವರು ಮಹಾಜನರ ವಿದ್ವತ್ತಿನೊಡನೆ ಅವರ ವೃತ್ತಿಯನ್ನೂ, ವೃತ್ತಿಯೊಡನೆ ಎಣಿಕೆಗೆ ಸೇರದವರ ದುಡಿಮೆಯನ್ನೂ ಹೇಳಿದಲ್ಲಿ ಆ ಪಾಠವು ಪೂರ್ಣವಾಗುವುದು.