ರೇಡಿಯೇಷನ್ ಜೊತೆಗೇ ಕೀಮೋ ಏಕೆ?

ಮನೆಯ ಹೆಣ್ಣುಮಗಳೊಬ್ಬರ ಗರ್ಭಕಂಠದ ಕ್ಯಾನ್ಸರಿಗೆ ವೈದ್ಯರು ರೇಡಿಯೇಷನ್ ಜೊತೆ ವಾರಕ್ಕೊಂದು ಕೀಮೋ ಕೂಡ ಬರೆದರೆ ಮನೆಯವರಿಗೆ ಗಾಬರಿಯಾಗುವುದು ಸಹಜ. “ಮೊದಲು ರೇಡಿಯೇಷನ್ ಮುಗಿಯಲಿ, ಕೀಮೋ ಆಮೇಲೆ ನೋಡೋಣ” ಎನ್ನುವವರಿದ್ದಾರೆ. ಆದರೆ ಇಲ್ಲಿ ಎರಡನ್ನೂ ಜೊತೆಗೆ ಕೊಡುವುದರಲ್ಲೇ ಲಾಭವಿದೆ.

ರೇಡಿಯೇಷನ್ ಕಿರಣಗಳು ಕ್ಯಾನ್ಸರ್ ಕೋಶದ ಡಿಎನ್‌ಎಯನ್ನು ತುಂಡರಿಸುತ್ತವೆ. ಕೋಶ ಸುಮ್ಮನಿರುವುದಿಲ್ಲ, ಅದನ್ನು ರಿಪೇರಿ ಮಾಡಿಕೊಳ್ಳಲು ನೋಡುತ್ತದೆ. ಸಿಸ್‌ಪ್ಲಾಟಿನ್ ಎಂಬ ಔಷಧಿ ಅದೇ ಡಿಎನ್‌ಎಗೆ ಅಂಟಿಕೊಂಡು ರಿಪೇರಿಗೆ ಅಡ್ಡಿಯಾಗುತ್ತದೆ. ಆಗ ಅಷ್ಟೇ ಕಿರಣದಿಂದ ಹೆಚ್ಚು ಕೋಶಗಳು ಸಾಯುತ್ತವೆ. ಅಲ್ಲದೆ ಕಿರಣ ಬೀಳುವುದು ಗುರಿಯಿಟ್ಟ ಜಾಗಕ್ಕೆ ಮಾತ್ರ. ಔಷಧಿಯಾದರೋ ರಕ್ತದಲ್ಲಿ ಸಾಗಿ, ಸ್ಕ್ಯಾನಿನಲ್ಲಿ ಕಾಣದಂತೆ ಬೇರೆಡೆ ಹರಡಿರಬಹುದಾದ ಕೋಶಗಳನ್ನೂ ತಲುಪಬಲ್ಲದು.

1999ರಲ್ಲಿ ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯು 5 ಅಧ್ಯಯನಗಳ ಫಲಿತಾಂಶ ನೋಡಿ ಈ ಕ್ರಮವನ್ನು ಪರಿಗಣಿಸುವಂತೆ ವೈದ್ಯರಿಗೆ ಸೂಚಿಸಿತು. 2008ರಲ್ಲಿ 11 ದೇಶಗಳ 18 ಅಧ್ಯಯನಗಳನ್ನು ಒಟ್ಟಿಗೆ ನೋಡಿದಾಗ, 5 ವರ್ಷಗಳ ನಂತರ ಬದುಕಿರುವವರು ಪ್ರತಿ 100ರಲ್ಲಿ ಸುಮಾರು 6 ಮಂದಿ ಹೆಚ್ಚು ಎಂದು ತಿಳಿಯಿತು. ಪವಾಡವಲ್ಲ ನಿಜ. ಆದರೆ ಆ ಆರು ಮಂದಿಯೂ ಯಾರದೋ ತಾಯಂದಿರು.

ಸಾಮಾನ್ಯವಾಗಿ ವಾರಕ್ಕೆ 5 ದಿನದಂತೆ ಸುಮಾರು 5 ವಾರ ಹೊರಗಿನಿಂದ ರೇಡಿಯೇಷನ್, ಅದರ ನಡುವೆ ವಾರಕ್ಕೊಮ್ಮೆ ಡ್ರಿಪ್‌ನಲ್ಲಿ ಔಷಧಿ, ಬಳಿಕ ಒಳಗಿನಿಂದ ಕೊಡುವ ರೇಡಿಯೇಷನ್. ಎಲ್ಲವೂ 8 ವಾರದೊಳಗೆ ಮುಗಿಯಬೇಕು. ಎಳೆದಷ್ಟೂ ಗಡ್ಡೆ ಮತ್ತೆ ಚಿಗುರಲು ಅವಕಾಶ. ಮದುವೆ, ಹಬ್ಬ ಬಂತೆಂದು ನಡುವೆ ವಾರ ಬಿಡಬೇಡಿ.

ಸಿಸ್‌ಪ್ಲಾಟಿನ್ ಮೂತ್ರಪಿಂಡಕ್ಕೆ ತೊಂದರೆ ಕೊಡಬಲ್ಲದು. ಆದ್ದರಿಂದಲೇ ಡ್ರಿಪ್ ಜೊತೆ ಸಾಕಷ್ಟು ನೀರಿನಂಶ ಕೊಡುತ್ತಾರೆ, ಪ್ರತಿ ವಾರ ರಕ್ತ ಪರೀಕ್ಷಿಸುತ್ತಾರೆ. ಮನೆಯಲ್ಲೂ ನೀರು ಕುಡಿಯುತ್ತಿರಬೇಕು. ಚಿಕಿತ್ಸೆ ರಮಝಾನ್‌ನಲ್ಲಿ ಬಂದರೆ ರೋಗಿ ಉಪವಾಸ ಹಿಡಿಯಲು ಹಟ ಮಾಡಬಹುದು. ರೋಗಿಗೆ ರಿಯಾಯಿತಿ ಇರುವುದನ್ನು ಮನೆಯವರೇ ಪ್ರೀತಿಯಿಂದ ನೆನಪಿಸಿ.

ವಾಕರಿಕೆ, ಭೇದಿ, ಆಯಾಸ ಇರುತ್ತವೆ. ಇವಕ್ಕೆ ಮಾತ್ರೆಗಳಿವೆ, ಕೇಳಿ ಪಡೆಯಿರಿ. ಹೊರಗಿನ ರೇಡಿಯೇಷನ್ ಪಡೆದು ಬಂದವರ ಮೈಯಲ್ಲಿ ಕಿರಣ ಉಳಿಯುವುದಿಲ್ಲ, ಮೊಮ್ಮಕ್ಕಳನ್ನು ತೊಡೆಯ ಮೇಲೆ ಕೂರಿಸಿಕೊಳ್ಳಬಹುದು. ಜ್ವರ ಬಂದರೆ, ಕುಡಿದ ನೀರೂ ವಾಂತಿಯಾಗುತ್ತಿದ್ದರೆ, ಮೂತ್ರ ಕಡಿಮೆಯಾದರೆ ಅಥವಾ ಕಿವಿಯಲ್ಲಿ ಗುಂಯ್ ಎನ್ನತೊಡಗಿದರೆ ಮುಂದಿನ ವಾರದವರೆಗೆ ಕಾಯದೆ ಅಂದೇ ಆಸ್ಪತ್ರೆಗೆ ಫೋನ್ ಮಾಡಿ.